ರೊಟ್ಟಿ ಮುರಿಯದ ರೇಸ್ ಕಾರು

ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಹಿಂಬದಿಯ ಓಣಿ. ಬೆಳಕು ಇನ್ನೂ ಪೂರಾ ಹರಿದಿಲ್ಲ. ಒಂದು ಮನೆಯಲ್ಲಿ ಮಾತ್ರ ಆಗಲೇ ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿದೆ, ಹಂಚುಗಳು ಆರುತ್ತಿವೆ, ಸುಟ್ಟ ಜೋಳದ ಹಿಟ್ಟಿನ ವಾಸನೆ ಓಣಿಯ ತುದಿವರೆಗೂ ನಿಂತಿದೆ. ಅಂಗಳದಲ್ಲಿ ಧರೆಪ್ಪ ಬಿದಿರಿನ ಬುಟ್ಟಿಯೊಂದನ್ನು ಎರಡೂ ಕೈಯಿಂದ ಎತ್ತಿ, ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಹಾಕುವವರ ಹಾಗೆ ಉಸಿರು ಹಿಡಿದು, ಹಳೆಯ ಬಿಳಿ ಸಣ್ಣ ಕಾರಿನೊಳಗೆ ಇಳಿಸುತ್ತಾರೆ. ಕಾರಿಗೆ ಹಿಂದಿನ ಸೀಟಿಲ್ಲ. ಆ ಜಾಗದಲ್ಲಿ ಮಡಚಿ ಹಾಸಿದ ಕೌದಿ. ಕೌದಿಯ ಮೇಲೆ ನಾಲ್ಕು ಬುಟ್ಟಿ. ಬುಟ್ಟಿಯೊಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಓರೆಯಾಗಿ ನಿಲ್ಲಿಸಿದ ಖಡಕ್ ರೊಟ್ಟಿ.

ಅವರ ಹೆಂಡತಿ ಭಾಗ್ಯಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಚಾಲಕರ ಸೀಟಿನಲ್ಲಿ ಕೂರುತ್ತಾರೆ. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಕ್ಲಚ್ ಒತ್ತುತ್ತಾರೆ. ಧರೆಪ್ಪ ಹಿಂದಿನ ಕಿಟಕಿಗೆ ಕಿವಿ ಕೊಟ್ಟು ಬಗ್ಗಿ ನಿಲ್ಲುತ್ತಾರೆ.

ಹೊಸ್ತಿಲ ಮೇಲೆ ಚಹದ ಬಟ್ಟಲು ಹಿಡಿದು ಕೂತ ಅವರ ತಾಯಿ ಸೋಮವ್ವನಿಗೆ ಇದು ದಿನದ ತಮಾಷೆ. "ಏನ ಕೇಳಾಕತ್ತಿ ಲೇ? ಗಾಡಿ ಹಾಡತೈತೇನು?"

"ಗಾಡಿ ಸಪ್ಪಳಲ್ಲ ಯವ್ವಾ. ರೊಟ್ಟಿ ಸಪ್ಪಳ."

ಕಾರು ಹೊರಡುತ್ತದೆ. ಹೊರಟಿತು ಎನ್ನುವುದು ಗಾಲಿ ನೋಡಿದರೆ ಮಾತ್ರ ತಿಳಿಯುವಷ್ಟು ಮೆಲ್ಲಗೆ. ಬುಟ್ಟಿಯೊಳಗಿಂದ 'ಕಟಕ್' ಎನ್ನುವ ಒಂದು ಸದ್ದೂ ಬರುವುದಿಲ್ಲ. ಧರೆಪ್ಪ ನೆಟ್ಟಗಾಗುತ್ತಾರೆ. ಕಾರು ಓಣಿಯ ತಿರುವು ದಾಟಿ ಸಮೀರವಾಡಿಯ ಹಾದಿ ಹಿಡಿಯುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಅವ್ವನ ಪಕ್ಕದಲ್ಲಿ ಕೂತು ತಣ್ಣಗಾದ ತಮ್ಮ ಚಹ ಕುಡಿಯುತ್ತಾರೆ.

ಹಾದಿಯಲ್ಲಿ ಈ ಕಾರನ್ನು ಕಂಡವರು ತಿರುಗಿ ನೋಡುವುದಿಲ್ಲ. ನೋಡುವಂಥದ್ದು ಏನೂ ಇಲ್ಲ. ಒಂದು ಬಾಗಿಲು ಬೇರೆ ಕಾರಿನದು, ಅದರ ಬಿಳಿ ಉಳಿದ ಬಿಳಿಗಿಂತ ಸ್ವಲ್ಪ ಹಳದಿ. ಬಾನೆಟ್ಟಿನ ಮೇಲೆ ಬೀರೇಶ್ವರನ ಭಂಡಾರದ ಅರಿಶಿನ ಬಳಿದ ಗುರುತು. ಆದರೆ ಈ ರೊಟ್ಟಿ ಗಾಡಿಯೇ ಕಳೆದ ಸಂಕ್ರಮಣದ ಮರುವಾರ ಬೀಳಗಿ ಕಡೆ ನಡೆದ ಡ್ರ್ಯಾಗ್ ರೇಸಿನಲ್ಲಿ ಸಣ್ಣ ಕಾರುಗಳ ಫೈನಲ್‌ವರೆಗೆ ಹೋಗಿತ್ತು. ಫೈನಲ್ ಓಡಲಿಲ್ಲ. ಯಾಕೆ ಓಡಲಿಲ್ಲ ಎನ್ನುವುದರ ಬಗ್ಗೆ ಈ ಮನೆಯಲ್ಲಿ ಇವತ್ತಿಗೂ ಎರಡು ಅಭಿಪ್ರಾಯಗಳಿವೆ.

ಡ್ರ್ಯಾಗ್ ರೇಸ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ದೀಪ ಹಸಿರಾದ ಕೂಡಲೇ ನೇರ ರಸ್ತೆಯಲ್ಲಿ ಓಡಬೇಕು. ತಿರುವಿಲ್ಲ, ಸುತ್ತಿಲ್ಲ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಅರ್ಧ ಆಟ ಮುಗಿದಿರುತ್ತದೆ. ಎತ್ತಿನ ಗಾಡಿಯ ಶರ್ಯತ್ತು ನೋಡಿ ಬೆಳೆದ ಈ ಭಾಗದ ಮಂದಿಗೆ ಹೇಳಿಕೊಡುವುದೇ ಬೇಡ. "ಎತ್ತ ಮೊದಲನೇ ಹೆಜ್ಜಿ ಹ್ಯಾಂಗ ಇಡತೈತಿ ಅನ್ನೂದರಾಗ ಎಲ್ಲಾ ಐತ್ರಿ," ಎನ್ನುತ್ತಾರೆ ಧರೆಪ್ಪ. "ಕಾರಿಗೂ ಹಂಗ. ಹೊಂಡೂದ ಛಲೋ ಆದ್ರ ಮುಟ್ಟೂದ ಛಲೋ."

ಧರೆಪ್ಪನವರದು ಕುರಿ ಕಾಯುವ ಮನೆತನ. ಅಪ್ಪ ಹಿಂಡು ಹೊಡೆದುಕೊಂಡು ಹೊಳೆಯ ದಂಡೆಗುಂಟ ಅನಗವಾಡಿ ದಾಟಿ ಆಚೆಗೂ ಹೋಗುತ್ತಿದ್ದರು. ಮಗನಿಗೆ ಕುರಿಯ ಹಿಂದೆ ನಡೆಯುವುದಕ್ಕಿಂತ, ಹೊಲದ ಬದುವಿನಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿನ ಹತ್ತಿರ ಕೂರುವುದೇ ಹೆಚ್ಚು ಸೇರುತ್ತಿತ್ತು. "ಹಿಂಡ ಮುಂದ ಹೋಗಿಬಿಡತಿತ್ತು, ಇಂವಾ ಟ್ರ್ಯಾಕ್ಟರ್ ಕೆಳಗ ಮಲಗಿರ್ತಿದ್ದ," ಎಂದು ಸೋಮವ್ವ ನೆನೆಸುತ್ತಾರೆ. "ನಮ್ಮ ಮನಿಯವ್ರು ಅಂತಿದ್ರು, ಈ ಮಗಾ ಕುರಿಗೂ ನಟ್ ಬೋಲ್ಟ್ ಹಚ್ಚತಾನ ಅಂತ." ಕೊನೆಗೆ ಅಪ್ಪನೇ ಕರೆದುಕೊಂಡು ಹೋಗಿ ಜಮಖಂಡಿಯ ಗ್ಯಾರೇಜೊಂದಕ್ಕೆ ಬಿಟ್ಟು ಬಂದರು. ಅಲ್ಲಿ ಕಲಿತು, ಮುಧೋಳಕ್ಕೆ ಬಂದು ತಗಡಿನ ಶೆಡ್ ಹಾಕಿಕೊಂಡರು. ಈಗ ಕಬ್ಬು ನುರಿಸುವ ಹಂಗಾಮಿನಲ್ಲಿ ಅವರಿಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿಲ್ಲ. ಭಾರಕ್ಕೆ ಸೋತ ಕ್ಲಚ್ಚು, ಬಾಗಿದ ಹುಕ್ಕು, ಸೀಳಿದ ಟೈರು. ಕಬ್ಬಿನ ಗಾಡಿಗಳು ಶೆಡ್ಡಿನ ಮುಂದೆ ಸಾಲು ಹಚ್ಚಿ ನಿಂತಿರುತ್ತವೆ.

ಮನೆಯ ಇನ್ನೊಂದು ದುಡಿಮೆ ಭಾಗ್ಯಾ ಅವರದು. ಓಣಿಯ ಮೂವರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಅವರು ನಸುಕಿನಲ್ಲೇ ಎದ್ದು ಸುಮಾರು ಆರುನೂರು ರೊಟ್ಟಿ ಬಡಿಯುತ್ತಾರೆ, ಹೆಚ್ಚಿನವು ಜೋಳದವು, ಒಂದಿಷ್ಟು ಸಜ್ಜೆಯವು. ಸೋಮವ್ವ ಹಂಚಿನ ಮುಂದೆ ಕೂತು ಬೇಯಿಸುತ್ತಾರೆ, ಬೆಂದದ್ದನ್ನು ಒಲೆಯ ಸುತ್ತ ನಿಲ್ಲಿಸಿ ಖಡಕ್ ಮಾಡುತ್ತಾರೆ. ಎಲ್ಲವೂ ಸಮೀರವಾಡಿಯ ಕಾರ್ಖಾನೆಯ ಎದುರಿನ ಅಂದಾನೆಪ್ಪನವರ ಖಾನಾವಳಿಗೆ ಹೋಗುತ್ತದೆ. ಅಮಾವಾಸ್ಯೆಗೆ ಅಂದಾನೆಪ್ಪ ಖಾನಾವಳಿ ಮುಚ್ಚಿ ಮನೆದೇವರಿಗೆ ಹೋಗುತ್ತಾರೆ. ಅದೊಂದು ದಿನ ಬಿಟ್ಟರೆ ರೊಟ್ಟಿಗೆ ರಜೆಯಿಲ್ಲ. ಮುಂಜಾನೆಯ ಪಾಳಿಯವರು ಉಣ್ಣಲು ಕೂರುವುದರೊಳಗೆ ಬುಟ್ಟಿ ಅಲ್ಲಿರಬೇಕು, ರೊಟ್ಟಿ ಇಡಿಯಾಗಿರಬೇಕು. ಖಡಕ್ ರೊಟ್ಟಿಯ ಹಣೆಬರಹವೇ ಅಷ್ಟು. ತಿಂಗಳಿಟ್ಟರೂ ಕೆಡುವುದಿಲ್ಲ, ಒಂದು ತಗ್ಗಿಗೆ ಪುಡಿಯಾಗುತ್ತದೆ.

ಮೊದಲು ಬುಟ್ಟಿಗಳು ಬಾಡಿಗೆಯ ಮೂರು ಗಾಲಿಯ ಟಮ್‌ಟಮ್ಮಿನಲ್ಲಿ ಹೋಗುತ್ತಿದ್ದವು. ದಿನವೂ ಒಂದಷ್ಟು ಮುರಿದು ವಾಪಸು ಬರುತ್ತಿದ್ದವು. ಹೆಂಡತಿಗೊಂದು ಗಾಡಿ ಮಾಡಿಕೊಡಬೇಕೆಂದು ಧರೆಪ್ಪ ಬನಹಟ್ಟಿಯ ಗುಜರಿಯಿಂದ ಈ ಕಾರನ್ನು ಎಳೆದು ತಂದರು. ತಂದಾಗ ಅದರೊಳಗೆ ಕೋಳಿ ಮೊಟ್ಟೆಯಿಟ್ಟಿತ್ತು. ಅದನ್ನು ಓಡುವಂತೆ ಮಾಡಿದ್ದು ಒಂದು ಮಳೆಗಾಲದ ಕೆಲಸ. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಬಿಡಿಭಾಗ ತರಲು ಕೊಲ್ಲಾಪುರದ ಕಡೆ ಹೋದಾಗ ಧರೆಪ್ಪ ಮೊದಲ ಸಲ ಡ್ರ್ಯಾಗ್ ರೇಸ್ ನೋಡಿದರು. ಬಿಡಿಭಾಗದ ಚೀಲ ಕಾಲ ಬುಡದಲ್ಲಿಟ್ಟುಕೊಂಡು ಸಂಜೆವರೆಗೂ ನಿಂತರು. ಲಾರಿಯ ಮೇಲೆ ಹೇರಿಕೊಂಡು ಬಂದ ಕಾರುಗಳು, ಓಡಿದ ಮೇಲೆ ಮತ್ತೆ ಲಾರಿ ಹತ್ತಿ ಹೋಗುವ ಕಾರುಗಳು. ಅದೊಂದೇ ಅವರಿಗೆ ಸೇರಲಿಲ್ಲ. "ಓಡಾಕಂತ ಮಾಡಿದ ಗಾಡಿ ಮನಿಗೆ ಓಡಕೋತ ಹೋಗಲಿಲ್ಲಂದ್ರ ಅದೆಂಥಾ ಗಾಡಿರಿ? ನಮ್ಮ ಎತ್ತು ಶರ್ಯತ್ತೂ ಓಡತಾವ, ಮರುದಿನ ಹೊಲದಾಗ ಕುಂಟಿನೂ ಎಳೀತಾವ."

ಊರಿಗೆ ಬಂದವರೇ ರೊಟ್ಟಿ ಗಾಡಿಯ ಬಾನೆಟ್ ಎತ್ತಿದರು. ಹೊಸದೇನನ್ನೂ ಕೊಳ್ಳುವ ತಾಕತ್ತಿರಲಿಲ್ಲ, ಹಾಗಾಗಿ ಇದ್ದದ್ದನ್ನೇ ತಿದ್ದಿದರು. ಇಂಜಿನ್ನಿನ ತಲೆಯನ್ನು ಸಮ ಮಾಡಿಸಿ, ಗುಜರಿಯಲ್ಲಿ ಸಿಕ್ಕ ದೊಡ್ಡ ಕಾರ್ಬೊರೇಟರ್ ಕೂರಿಸಿದರು. ಇಂಜಿನ್ನಿನ ಹಿಂದೆ ತಿರುಗುವ ದಪ್ಪ ಕಬ್ಬಿಣದ ಚಕ್ರ ಹಗುರಾದಷ್ಟೂ ಇಂಜಿನ್ ಬೇಗ ವೇಗ ಹಿಡಿಯುತ್ತದೆಂದು ಅದನ್ನು ಬಿಚ್ಚಿಕೊಂಡು ಬನಹಟ್ಟಿಯ ಚನಮಲ್ಲಪ್ಪನವರ ಲೇಥಿಗೆ ಒಯ್ದರು. ಪವರ್‌ಲೂಮಿನ ಬಿಡಿಭಾಗ ತಿರುವುವ ಚನಮಲ್ಲಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, "ಲೇ ಧರೆಪ್ಪಾ, ಇದನ್ನ ತೆಳ್ಳಗ ಮಾಡು ಅಂದ್ರ ಎಷ್ಟ ತೆಳ್ಳಗ? ಭಾಗ್ಯಾನ ರೊಟ್ಟಿಯಷ್ಟೇನು?" ಎಂದಿದ್ದರು.

ಸ್ಪ್ರಿಂಗಿನ ಉಪಾಯವೂ ಅದೇ ಲೇಥಿನ ಅಂಗಡಿಯಲ್ಲೇ ಸಿಕ್ಕಿತು. ರೊಟ್ಟಿಗೆ ಮೆತ್ತನೆಯ ಸ್ಪ್ರಿಂಗ್ ಬೇಕು, ಓಟಕ್ಕೆ ಬಿರುಸಾದದ್ದು ಬೇಕು. ಎರಡು ಜೊತೆ ಇಡುವುದು ಹೇಗೆ? ಮಗ್ಗದಲ್ಲಿ ಲಾಳಿ ಬಂದು ಬಡಿದು ನಿಲ್ಲುವ ಕಡೆ ಒಂದು ಗಟ್ಟಿ ರಬ್ಬರಿನ ತುಂಡಿರುತ್ತದೆ. ಸವೆದ ತುಂಡುಗಳು ಚನಮಲ್ಲಪ್ಪನವರ ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಧರೆಪ್ಪ ಅವನ್ನು ಕೊಯ್ದು ಹಿಂದಿನ ಸ್ಪ್ರಿಂಗುಗಳ ಸುತ್ತಿನ ನಡುವೆ ತುರುಕಿದರು. ರವಿವಾರ ರೊಟ್ಟಿ ಮುಟ್ಟಿಸಿ ಬಂದ ಮೇಲೆ ರಬ್ಬರ್ ಒಳಗೆ, ಸೋಮವಾರ ನಸುಕಿಗೆ ರಬ್ಬರ್ ಹೊರಗೆ. ಇವತ್ತಿಗೂ ಅವು ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇರುತ್ತವೆ.

ಇಷ್ಟೆಲ್ಲ ಬುದ್ಧಿ ಓಡಿಸಿದವರು ಮೊದಲ ಪರೀಕ್ಷೆಯಲ್ಲೇ ಎಡವಿದ್ದು ಎಲ್ಲಿ ಎನ್ನುವುದನ್ನು ಧರೆಪ್ಪ ತಾವೇ ನಗುತ್ತ ಹೇಳುತ್ತಾರೆ. ಬಾಡಗಂಡಿಯಲ್ಲಿ ಗೂಳಪ್ಪ ಎಂಬ ರೈತರಿದ್ದಾರೆ, ಬೆಲ್ಲದ ಗಾಣದವರು. ಗಾಣದ ಹಿಂದೆ ಕಬ್ಬಿನ ಗಾಡಿ ನಿಲ್ಲಿಸುವ ಅವರ ಉದ್ದನೆಯ ಬಯಲು. ಒಂದು ರವಿವಾರ ಕಾರನ್ನು ಅಲ್ಲಿಗೆ ಒಯ್ದರು. ಓಡಿಸುವ ಮೊದಲು ಗೂಳಪ್ಪನವರಿಂದ ಬೆಲ್ಲದ ಪೆಂಟೆಗಳನ್ನು ಕೇಳಿ ಪಡೆದು ಡಿಕ್ಕಿಯಲ್ಲಿ ಸಾಲಾಗಿ ಜೋಡಿಸಿದರು. ಟ್ರ್ಯಾಕ್ಟರಿನ ಬಲ ಹಿಂದಿನ ಗಾಲಿಯಲ್ಲಿ. ಹಿಂದೆ ಭಾರ ಬಿದ್ದಷ್ಟೂ ಗಾಲಿ ನೆಲ ಹಿಡಿಯುತ್ತದೆ. ಇಪ್ಪತ್ತು ವರ್ಷ ಅದನ್ನೇ ನೋಡಿದ ಕೈ ತಾನಾಗಿಯೇ ಭಾರವನ್ನು ಹಿಂದೆ ಇಟ್ಟಿತ್ತು. ಆದರೆ ಈ ಸಣ್ಣ ಕಾರನ್ನು ಎಳೆಯುವುದು ಮುಂದಿನ ಗಾಲಿ. ಹಿಂದೆ ಬೆಲ್ಲ ಕೂತದ್ದೇ ಮುಂದಿನ ಗಾಲಿ ಹಗುರಾಯಿತು.

"ಗೊತ್ತಿತ್ರೀ," ಎನ್ನುತ್ತಾರೆ ಧರೆಪ್ಪ. "ತಲಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ."

ಕಾಲಿಗೂ ಗೊತ್ತಿರಲಿಲ್ಲ. ಟ್ರ್ಯಾಕ್ಟರಿನ ಕ್ಲಚ್ಚನ್ನು ತುಳಿದು ಬಿಟ್ಟ ಹಾಗೆ ಒಮ್ಮೆಲೇ ಬಿಟ್ಟರು. ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿ ಮಣ್ಣು ಹಾರಿಸಿದವು. ಕಾರು ಇದ್ದಲ್ಲೇ ಇತ್ತು. ಗಾಣದ ಆಳುಗಳೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಗೂಳಪ್ಪ ದೂರದಿಂದ ಕೂಗಿದರು: "ಲೇ ಧರೆಪ್ಪಾ! ಓಡಸ್ತೀನಿ ಅಂದಿ, ಹೊಲಾ ಹರಗಾಕತ್ತಿಯಲ್ಲೋ!" ಆ ನಗೆಗೆ ಹಟ ಬಂದು ಧರೆಪ್ಪ ಮತ್ತೆ ಮತ್ತೆ ಹಾಗೆಯೇ ಮಾಡಿದರು. ಕೊನೆಗೆ ಒಂದು ಕಮಟು ವಾಸನೆ ಬಂತು, ಆಮೇಲೆ ಕ್ಲಚ್ ಪ್ಲೇಟು ಸುಟ್ಟು ಕೂತಿತು. ಬೆಲ್ಲ ಗೂಳಪ್ಪನವರಿಗೆ ವಾಪಸು ಹೋಯಿತು, ಕಾರು ಗೂಳಪ್ಪನವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಮುಧೋಳಕ್ಕೆ ಬಂತು.

ಮರುದಿನ ಸೋಮವಾರ. ಬುಟ್ಟಿಗಳು ಮತ್ತೆ ಟಮ್‌ಟಮ್ ಹತ್ತಿದವು. ಹಂಗಾಮಿನಲ್ಲಿ ಕಿತ್ತುಹೋದ ರಸ್ತೆ, ಅವಸರದ ಚಾಲಕ. ಸಮೀರವಾಡಿಯಲ್ಲಿ ಅಂದಾನೆಪ್ಪ ಧೋತರದ ಗಂಟು ಬಿಚ್ಚಿ ಚೂರುಗಳನ್ನು ಬೊಗಸೆಯಲ್ಲಿ ಎತ್ತಿ ನೋಡಿದರು. "ಭಾಗ್ಯವ್ವಾ, ರೊಟ್ಟಿ ಕೇಳಿದ್ರ ನುಚ್ಚು ತಂದೀಯಲ್ಲ ಯವ್ವಾ. ಇಲ್ಲಿ ಉಣ್ಣಾವ್ರು ಕಬ್ಬು ಇಳಿಸಿ ಬಂದಿರ್ತಾರ. ತಾಟಿನಾಗ ಚೂರು ಹಾಕಿದ್ರ ನನ್ನ ಮಾರಿ ನೋಡ್ತಾರ. ಇನ್ನೊಮ್ಮಿ ಹಿಂಗಾದ್ರ ನಾ ಬ್ಯಾರೆ ಕಡೆ ನೋಡಕೋತೀನಿ, ಸಿಟ್ಟಾಗಬ್ಯಾಡ."

ಅವರು ಹೇಳಿದ್ದು ಕೆಟ್ಟ ಮಾತಲ್ಲ. ಅದಕ್ಕೇ ಭಾಗ್ಯಾ ಅವರಿಗೆ ಹೆಚ್ಚು ನಾಟಿತು. ಮನೆಗೆ ಬಂದು, ಕಾರಿನ ಕೆಳಗೆ ಮಲಗಿದ್ದ ಗಂಡನ ಕಾಲ ಹತ್ತಿರ ನಿಂತು ಒಂದೇ ಮಾತು ಹೇಳಿದರು. "ಐತವಾರ ನಿಮ್ಮದು, ಸೋಮವಾರ ನಂದು. ಇನ್ನೊಂದ ಸೋಮವಾರ ರೊಟ್ಟಿ ಹೋಗಲಿಲ್ಲಂದ್ರ ಆ ಓಟದ ಸಾಮಾನೆಲ್ಲಾ ಬಿಚ್ಚಿ ಬಂದಲ್ಲಿಗೆ ಕಳಸೂದು. ಈ ರೊಟ್ಟಿ ಮ್ಯಾಲ ನಾಕ ಮನಿ ಒಲಿ ಹತ್ತತಾವ."

ಕಾರಿನ ಕೆಳಗಿನಿಂದ "ಹೂಂ" ಎಂದು ಕೇಳಿಸಿತು.

ಆ 'ಹೂಂ'ನಿಂದಲೇ ಮುಂದಿನ ದಾರಿ ಹುಟ್ಟಿತು. ಹೊಸ ಪ್ಲೇಟು ಹಾಕಿದ ಮೇಲೆ ಧರೆಪ್ಪ ಬಾಡಗಂಡಿಗೆ ಹೋಗುವಾಗಲೆಲ್ಲ ಒಂದು ಬುಟ್ಟಿ ರೊಟ್ಟಿಯನ್ನೂ ಕಾರಿನಲ್ಲಿ ಇಟ್ಟುಕೊಂಡು ಹೋಗತೊಡಗಿದರು. ಗಾಡಿ ಸರಿಯಾಯಿತೋ ಇಲ್ಲವೋ ಎಂದು ನೋಡಲು ಅವರಿಗೆ ಬೇರೆ ಯಂತ್ರವಿಲ್ಲ. ಜೋರಾಗಿ ಹೊರಡಬೇಕು, ರೊಟ್ಟಿ ಮುರಿಯಬಾರದು. ಅವರು ಬಿಟ್ಟಾಗಲೆಲ್ಲ ಬುಟ್ಟಿಯಲ್ಲಿ ಕಟಕ್. ಸ್ಪ್ರಿಂಗ್ ತಿದ್ದಿದರು, ಕಟಕ್. ಟೈರಿನ ಗಾಳಿ ಇಳಿಸಿದರು, ಕಟಕ್. ಪ್ರತಿ ರವಿವಾರ ರಾತ್ರಿಯ ಊಟಕ್ಕೆ ಮನೆಯಲ್ಲಿ ಚೂರು ರೊಟ್ಟಿ, ಮಜ್ಜಿಗೆ. "ಲೇ, ಇವತ್ತ ರೊಟ್ಟಿ ತಂದಿಯೋ, ಚುರಮುರಿ ತಂದಿಯೋ?" ಎಂದು ಸೋಮವ್ವ ಕೇಳುವರು.

ಒಂದು ರವಿವಾರ ಭಾಗ್ಯಾ ಅವರೂ ಜೊತೆಗೆ ಹೋಗಿದ್ದರು, ಬೆಲ್ಲ ತರಲು. ಗಂಡನ ಅವಸ್ಥೆ ನೋಡಲಾಗದೆ, "ಇಳೀರಿ, ಆ ರೊಟ್ಟಿ ಬಡದಾಕಿಗೆ ಗೊತ್ತು ಅದರ ಸಂಕಟ," ಎಂದು ತಾವೇ ಕೂತರು. ಚಪ್ಪಲಿ ಬಿಟ್ಟರು. ದಿನವೂ ಓಣಿಯಲ್ಲಿ ಬಿಡುವ ಹಾಗೆಯೇ ಕ್ಲಚ್ ಬಿಟ್ಟರು, ಆದರೆ ಇನ್ನೊಂದು ಕಾಲಿನಿಂದ ಆಕ್ಸಿಲರೇಟರನ್ನು ನೆಲಕ್ಕೆ ಹತ್ತುವಂತೆ ಒತ್ತಿದರು.

"ನಾ ಗಾಲಿ ನೋಡಕೋತ ನಿಂತಿದ್ನಿರಿ," ಎಂದು ಧರೆಪ್ಪ ಹೇಳುವಾಗ ಅವರ ಕೈ ಗಾಳಿಯಲ್ಲಿ ಮೆಲ್ಲಗೆ ಜಾರುತ್ತದೆ. "ಗಾಲಿ ಗಿರಗಿರ ತಿರಗಲೇ ಇಲ್ಲ, ಮಣ್ಣ ಹಾರಲಿಲ್ಲ. ಗಾಡಿ ಕೆಟ್ಟತೇನೋ ಅನಕೊಂಡೆ. ತಲಿ ಎತ್ತಿ ನೋಡತೀನಿ, ಗಾಡಿ ಆ ಕಡೆ ಬೇವಿನ ಗಿಡದ ಹತ್ರ ಐತಿ."

ಬುಟ್ಟಿ ಬಿಚ್ಚಿದರು. ಒಂದೂ ಮುರಿದಿರಲಿಲ್ಲ. ಗೂಳಪ್ಪ ಬಂದು ಧರೆಪ್ಪನವರ ಹೆಗಲ ಮೇಲೆ ಕೈಯಿಟ್ಟು, "ಗಾಡಿ ನಿಂದು ತಮ್ಮಾ, ಕಾಲು ನಿಂದಲ್ಲ," ಎಂದರು.

ಗಾಡಿಯನ್ನು ತಾನು ಕಟ್ಟಿ, ಓಡಿಸುವ ಹೆಸರನ್ನು ಬೇರೆಯವರಿಗೆ ಬರೆಸುವುದು ಎಲ್ಲ ಗಂಡಸರಿಗೂ ಸಲೀಸಲ್ಲ. ಧರೆಪ್ಪ ಎರಡು ದಿನ ಶೆಡ್ಡಿನಿಂದ ತಡವಾಗಿ ಮನೆಗೆ ಬಂದರಂತೆ. ಮೂರನೆಯ ದಿನ ತಾವೇ ಭಾಗ್ಯಾ ಅವರ ಲೈಸೆನ್ಸ್ ಹುಡುಕಿ ತೆಗೆದುಕೊಂಡು ಹೋಗಿ ರೇಸಿಗೆ ಹೆಸರು ಕೊಟ್ಟು ಬಂದರು. ಭಾಗ್ಯಾ ಒಲ್ಲೆ ಎಂದರು. ಮಂದಿ ಏನಂದಾರು ಎಂದರು. ತೀರ್ಮಾನ ಕೊಟ್ಟವರು ಸೋಮವ್ವ: "ಮಂದಿ ರೊಟ್ಟಿ ತಿಂತಾರ, ಅನ್ನೂದಕ್ಕ ಅವರಿಗೆ ಬಾಯಿ ಎಲ್ಲಿ ಖಾಲಿ ಇರತೈತಿ? ಹೋಗು."

ಬೀಳಗಿಯ ಆಚೆ, ಇನ್ನೂ ಮನೆ ಏಳದ ಖಾಸಗಿ ಬಡಾವಣೆಯೊಂದರ ನೇರ ಡಾಂಬರು ರಸ್ತೆ. ಎರಡೂ ಬದಿಗೆ ಮರಳಿನ ಚೀಲ, ಆಂಬುಲೆನ್ಸ್, ಪೊಲೀಸರ ಪರವಾನಿಗೆ, ಎಲ್ಲ ವ್ಯವಸ್ಥೆಯೂ ಇತ್ತು. ಸೀರೆಯಲ್ಲಿ ಓಡಿಸುವಂತಿಲ್ಲ ಎಂದು ರೇಸ್ ನಡೆಸುವವರು ಹೇಳಿದ್ದರಿಂದ ಭಾಗ್ಯಾ ಮಗಳು ಅಕ್ಷತಾಳ ಚೂಡಿದಾರ ಹಾಕಿಕೊಂಡು ಬಂದಿದ್ದರು. ಬರಿಗಾಲಿಗೂ ಒಪ್ಪಲಿಲ್ಲ, ಅಕ್ಷತಾಳದೇ ತೆಳು ಅಡಿಯ ಕ್ಯಾನ್ವಾಸ್ ಬೂಟು ಸಿಕ್ಕಿತು. ಹೆಲ್ಮೆಟ್ಟಿನೊಳಗೆ ಕುಂಕುಮ ಅಳಿಸಿತೆಂದು ಎರಡು ಸಲ ತೆಗೆದು ಹಚ್ಚಿಕೊಂಡರು. ಪಕ್ಕದಲ್ಲಿ ಸಾಲಾಗಿ ನಿಂತ ಕಾರುಗಳಿಗೆ ಬಣ್ಣ ಬಣ್ಣದ ಸ್ಟಿಕ್ಕರ್. ಇವರದಕ್ಕೆ ಭಂಡಾರ. ಒಳಗೆ ಜೋಳದ ಹಿಟ್ಟಿನ ವಾಸನೆ.

ಮೊದಲ ಓಟದಲ್ಲಿ ಪಕ್ಕದ ಕಾರು ನಿಂತಲ್ಲೇ ಹೊಗೆಯೆಬ್ಬಿಸುವಾಗ ರೊಟ್ಟಿ ಗಾಡಿ ಸದ್ದಿಲ್ಲದೆ ಜಾರಿಕೊಂಡು ಹೋಯಿತು. ಎರಡನೆಯ ಓಟವೂ ಹಾಗೆಯೇ. ಧರೆಪ್ಪನವರ ಕಡೆ ತಿರುಗಿಯೂ ನೋಡದಿದ್ದವರು ಬಾನೆಟ್ ಎತ್ತಿಸಿ ನೋಡತೊಡಗಿದರು. ಒಬ್ಬರು ಸ್ಪ್ರಿಂಗಿನ ರಬ್ಬರ್ ಮುಟ್ಟಿ, ಇದು ಯಾವ ಕಂಪನಿಯದು ಎಂದು ಕೇಳಿದರು. "ಬನಹಟ್ಟಿದ್ರಿ," ಎಂದರು ಧರೆಪ್ಪ.

ಮೂರನೆಯ ಓಟ ಗೆದ್ದು ಬಂದಾಗ ಉಳಿದದ್ದು ಫೈನಲ್ ಒಂದೇ. ಎದುರಿಗೆ ಜಮಖಂಡಿಯ ಅಡತಿ ವ್ಯಾಪಾರಸ್ಥರ ಮನೆಯ ಯುವಕ ಸಂಜಯ. ಭಾಗ್ಯಾ ಹೆಲ್ಮೆಟ್ ತೆಗೆಯಲೂ ಒಲ್ಲದೆ ಸೀಟಿನಲ್ಲೇ ಕೂತಿದ್ದರು. ಕಣ್ಣು ಮಿಂಚುತ್ತಿತ್ತು. ಧರೆಪ್ಪ ಬಾನೆಟ್ಟಿನ ಹತ್ತಿರ ಬಂದವರು ಗಪ್ಪನೆ ನಿಂತರು. ಬಗ್ಗಿದರು. ಮತ್ತೆ ಮೂಗೆಳೆದರು.

"ಯಾಕ್ರಿ?"

"ವಾಸನಿ."

"ಎಲ್ಲಾರ ಟೈರ್ ಸುಡಾಕತ್ತಾವ. ಅದರದ ಇರಬೇಕು."

"ಟೈರಿಂದಲ್ಲ ಭಾಗ್ಯಾ. ಕ್ಲಚ್ಚಿಂದು. ಗೂಳಪ್ಪಣ್ಣನ ಬಯಲಾಗ ಬಂದಿತ್ತಲ್ಲ, ಅದ."

ಮೆಲ್ಲಗೆ ಬಿಟ್ಟರೆ ಗಾಲಿ ಜಾರುವುದಿಲ್ಲ ನಿಜ. ಆದರೆ ಅಷ್ಟು ಬಲವನ್ನು ಮೆಲ್ಲಗೆ ಬಿಡುವಾಗ ಆ ತಿಕ್ಕಾಟವನ್ನೆಲ್ಲ ಕ್ಲಚ್ ಪ್ಲೇಟು ನುಂಗಬೇಕು. ಮೂರು ಓಟದಲ್ಲಿ ಅದು ನುಂಗುವಷ್ಟು ನುಂಗಿತ್ತು.

"ಒಂದ ಓಟ ಐತ್ರಿ. ಒಂದ."

"ಓಡಬಹುದು. ಓಡಿದ ಮ್ಯಾಲ ಗಾಡಿ ಇಲ್ಲೇ ಕೂಡತೈತಿ. ಇವತ್ತ ಐತವಾರ, ಪ್ಲೇಟ್ ಎಲ್ಲಿ ಸಿಗತೈತಿ? ನಾಳಿ ರೊಟ್ಟಿ?"

"ಟಮ್‌ಟಮ್ ಮಾಡೂನು. ನಿಧಾನ ಹೊಡಿ ಅಂತ ಹೇಳೂನು. ನಾ ಬುಟ್ಟಿ ತೊಡಿ ಮ್ಯಾಲ ಇಟಗೊಂಡ ಕುಂದರತೀನಿ."

"ನಾಕ ಬುಟ್ಟಿಗೆ ಎಷ್ಟ ತೊಡಿ ಅದಾವ ನಿನ್ನವು?"

ಹತ್ತಿರ ನಿಂತವರು ನಕ್ಕರು. ಭಾಗ್ಯಾ ನಗಲಿಲ್ಲ. "ನೀವ ಮಾಡಿದ ಗಾಡಿ ಇದು. ವರ್ಷಾನುಗಟ್ಟಲೆ ಇದರ ಕೆಳಗ ಮಲಗೀರಿ. ಈಗ ನೀವ ಬ್ಯಾಡ ಅಂತೀರೇನು?"

"ಸೋಮವಾರ ನಂದು ಅಂದಾಕಿ ನೀನ."

"ಹಂಗಾದ್ರ ನಾನ ಬಿಟ್ಟಕೊಟ್ನಿ. ಸೋಮವಾರನೂ ನೀವ ತಗೋರಿ."

ಧರೆಪ್ಪ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. "ನಾಕ ಮನಿ ಒಲಿ ನಂದಲ್ಲ ಭಾಗ್ಯಾ, ನಾ ತಗೊಳಾಕ," ಎಂದರು.

ಮೈಕಿನಲ್ಲಿ ಹೆಸರು ಎರಡು ಸಲ ಕೂಗಿದರು. ಆಮೇಲೆ ಸಂಜಯ ಒಬ್ಬನೇ ಓಡಿ ಗೆದ್ದವರ ಕಪ್ ತೆಗೆದುಕೊಂಡ. ಹಿಡಿದುಕೊಂಡೇ ಇವರಿದ್ದಲ್ಲಿಗೆ ಬಂದ. "ಅಕ್ಕಾರ, ಒಬ್ಬನ ಓಡಿ ಗೆದ್ರ ಗೆದ್ದಂಗ ಅನಸವಲ್ತು. ಮುಂದಿನ ಸಲ ಬರ್ರಿ." ಭಾಗ್ಯಾ ಅವನಿಗೆ ಡಬ್ಬಿಯಿಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ಗಂಡನಿಗೆ ಕೊಡಲಿಲ್ಲ.

ವಾಪಸು ಹೊರಡುವಾಗ ಧರೆಪ್ಪ ಕೀಲಿಯನ್ನು ಹೆಂಡತಿಯ ಕೈಗೇ ಕೊಟ್ಟರು. "ಮನಿತನಕ ನೀನ ಹೊಡಿ. ನನ್ನ ಕಾಲಿಗೆ ಪ್ಲೇಟ್ ಉಳಿಯಂಗಿಲ್ಲ." ಭಾಗ್ಯಾ ಬಾಗಿಲನ್ನು ದಢಾರನೆ ಎಳೆದುಕೊಂಡು ಕೂತರು. ಆದರೆ ಮುಧೋಳ ಮುಟ್ಟುವ ತನಕ ಪ್ರತಿ ಸಲ ಕ್ಲಚ್ಚನ್ನು ಹಾಲಿನ ಪಾತ್ರೆ ಇಳಿಸುವಷ್ಟು ಜೋಪಾನವಾಗಿ ಬಿಟ್ಟರು. ಸಿಟ್ಟು ಮುಖದ ಮೇಲಿತ್ತು, ಕಾಲಿಗೆ ಇಳಿದಿರಲಿಲ್ಲ.

ಸೋಮವಾರ ನಸುಕಿನಲ್ಲಿ ನಾಲ್ಕು ಬುಟ್ಟಿ ಹೊರಟವು. ಪ್ಲೇಟು ಸಮೀರವಾಡಿ ಮುಟ್ಟಿಸಿ, ಮನೆಗೂ ತಂದು ಬಿಟ್ಟಿತು. ಅವತ್ತೇ ಮಧ್ಯಾಹ್ನ ಧರೆಪ್ಪ ಅಂಗಡಿಯಿಂದ ಹೊಸದು ತಂದು ಹಾಕಿದರು. ಅಂದಾನೆಪ್ಪನವರಿಗೆ ಇದೊಂದೂ ಗೊತ್ತಿರಲಿಲ್ಲ. ಧೋತರ ಬಿಚ್ಚಿ, ಇಡಿ ಇಡಿ ರೊಟ್ಟಿಗಳನ್ನು ನೋಡಿ, "ಇವತ್ತ ಸಜ್ಜಿವು ಕಡಿಮಿ ಆದವಲ್ಲ," ಎಂದಷ್ಟೇ ಅಂದರು.

ಆ ವಾರ ಪೂರ್ತಿ ಧರೆಪ್ಪನವರ ತಾಟಿಗೆ ಚೂರು ರೊಟ್ಟಿಯೇ ಬಿತ್ತು. ಗಾಡಿಯಲ್ಲಿ ಮುರಿದವಲ್ಲ. "ಬೇಕಂತ ಮುರದ ಹಾಕತಿದ್ಲರಿ, ನನ್ನ ಎದುರಿಗೇ," ಎಂದು ಅವರು ದೂರುತ್ತಾರೆ. ದೂರುವಾಗ ಮುಖದ ತುಂಬ ನಗೆ.

ಈಗ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಕೆಲಸ ಸಾಗಿದೆ. ಗೋಡೆಯ ಕ್ಯಾಲೆಂಡರಿನ ಮೇಲೆ ಎಣ್ಣೆ ಹತ್ತಿದ ಹೆಬ್ಬೆರಳಿನ ಗುರುತು, ಒಂದು ಸೋಮವಾರದ ಮೇಲೆ. ಮುಂದೇನು ಆಸೆಯಿದೆ ಎಂದು ಕೇಳಿದರೆ ಧರೆಪ್ಪ ದೊಡ್ಡ ಇಂಜಿನ್ ಕೇಳುವುದಿಲ್ಲ, ಹೊಸ ಕಾರು ಕೇಳುವುದಿಲ್ಲ. ಆ ಗುರುತು ತೋರಿಸುತ್ತಾರೆ.

"ಅವತ್ತ ಅಮಾಸಿರಿ. ಅಂದಾನೆಪ್ಪ ಸಾವ್ಕಾರ್ರು ಖಾನಾವಳಿ ತಗ್ಯಂಗಿಲ್ಲ, ರೊಟ್ಟಿ ಬೇಕಾಗಿಲ್ಲ. ಅದರ ಹಿಂದಿನ ಐತವಾರ ಶರ್ಯತ್ತ ಇಡ್ರಿ ಅಂತ ರೇಸ್ ನಡಸಾವ್ರಿಗೆ ಫೋನ್ ಮಾಡಿ ಕೇಳೇನಿ. ನೋಡೂನು ಅಂದಾರ. ಸೋಮವಾರ ಅಮಾಸಿ ಬರೂದ ಅಪರೂಪ. ಇಟ್ಟರ ಭಾಳ ಛಲೋ ಆಕ್ಕೈತಿ."

ಮಧ್ಯಾಹ್ನದ ಬುತ್ತಿ ಕೊಡಲು ಬಂದ ಭಾಗ್ಯಾ ಬಾಗಿಲಲ್ಲೇ ಇದನ್ನು ಕೇಳಿಸಿಕೊಂಡಿದ್ದಾರೆ. "ಅವತ್ತ ಮೂಗ ಮುಚಕೊಂಡ ನಿಂದರ್ರಿ. ವಾಸನಿ ಗೀಸನಿ ಅಂದ್ರ ನಾ ಕೇಳಂಗಿಲ್ಲ."

ಧರೆಪ್ಪ ಬುತ್ತಿ ಬಿಚ್ಚುತ್ತಾರೆ. ಒಳಗೆ ರೊಟ್ಟಿ ಇಡಿಯಾಗಿವೆ. ಒಂದನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದು, ತಾವೇ ಕಟಕ್ಕೆಂದು ಮುರಿಯುತ್ತಾರೆ.

"ಪ್ಲೇಟ್ ಸುಟ್ಟರ ಸುಡಲಿ ಬಿಡ ಬೇ," ಎನ್ನುತ್ತಾರೆ. "ಮರುದಿನ ಅಮಾಸಿ ಐತಿ."